ಎತ್ತಿಕೊಂಡು ಹೋಗ್ತೀವಿ ಬಿಡಿ

ಕೊಡಗಿನಲ್ಲಿ ವೀಲ್‌ಚೇರ್ ಮೇಲೆ ಓಡಾಡುವವರಿಗೆ ಒಂದು ಮಾತು ಕೇಳಿ ಕೇಳಿ ಬಾಯಿಪಾಠ ಆಗಿರುತ್ತದೆ. "ಮೆಟ್ಟಿಲಿದ್ರೆ ಏನಂತೆ, ಎತ್ತಿಕೊಂಡು ಹೋಗ್ತೀವಿ ಬಿಡಿ." ಮದುವೆಗೆ ಕರೆಯಲು ಬಂದವರು ಇದನ್ನೇ ಹೇಳುತ್ತಾರೆ. ಆಫೀಸಿನ ಜವಾನ ಇದನ್ನೇ ಹೇಳುತ್ತಾನೆ. ಹೋಂಸ್ಟೇಗೆ ಫೋನ್ ಮಾಡಿ ಎಷ್ಟು ಮೆಟ್ಟಿಲಿದೆ ಅಂತ ಕೇಳಿದರೆ ಮಾಲೀಕರೂ ಇದನ್ನೇ ಹೇಳುತ್ತಾರೆ. ಹೇಳುವವರ ಮುಖದಲ್ಲಿ ಬೇಸರದ ಸುಳಿವೂ ಇರುವುದಿಲ್ಲ. ಬರೀ ಬಾಯಿಮಾತೂ ಅಲ್ಲ, ನಿಜಕ್ಕೂ ಎತ್ತುತ್ತಾರೆ. ಐವತ್ತು ಕೆಜಿ ಕಾಫಿ ಮೂಟೆ ಹೊತ್ತು ರೂಢಿಯಾದ ಹೆಗಲುಗಳು ನಮ್ಮೂರಿನವು.

ಈ ಸಲ ಇಂಗ್ಲೆಂಡಿಗೆ ಹೋಗಿ ಬಂದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಅಷ್ಟು ದೂರ ಹೋಗೋಕೆ ನಿಮಗೆ ಧೈರ್ಯ ಹೇಗೆ ಬಂತು? ಪ್ರೀತಿಯಿಂದ ಕೇಳುತ್ತಾರೆ, ಕಣ್ಣಲ್ಲಿ ನೀರು ತಂದುಕೊಂಡು ಕೇಳುವವರೂ ಇದ್ದಾರೆ. ನನಗೆ ಮಾತ್ರ ಉತ್ತರ ಹೊಳೆಯುವುದಿಲ್ಲ. ಯಾಕೆಂದರೆ ಲಂಡನ್ನಿನಲ್ಲಿ ಟ್ಯಾಕ್ಸಿ ಹತ್ತಲು ನನಗೆ ಧೈರ್ಯ ಬೇಕಾಗಲೇ ಇಲ್ಲ. ಅಲ್ಲಿನ ಕಪ್ಪು ಟ್ಯಾಕ್ಸಿಗಳಲ್ಲಿ ರ‍್ಯಾಂಪ್ ಇರುತ್ತದೆ. ಡ್ರೈವರ್ ಇಳಿದು ಅದನ್ನು ಎಳೆದು ಹಾಕಿದ, ನಾನು ಒಳಗೆ ಹೋದೆ, ಅಷ್ಟೇ. ಧೈರ್ಯ ಬೇಕಾಗುವುದು ಇಲ್ಲೇ ಮಾದಾಪುರದಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗಲು. ಅಲ್ಲಿ ಎಂಟು ಮೆಟ್ಟಿಲು, ಎತ್ತಲು ನಾಲ್ಕು ಗಂಡಸರು. ಇದು ತುಂಬಾ ದಿನದಿಂದ ತಲೆಯಲ್ಲಿ ಕೊರೆಯುತ್ತಿದೆ. ಒಂದು ಸಲ ಬಿಡಿಸಿ ಬರೆಯೋಣ ಅನ್ನಿಸಿತು.

ಟಿ ಟೆನ್

2011ರ ಮಳೆಗಾಲದಲ್ಲಿ ಹಟ್ಟಿಹೊಳೆ ಹತ್ತಿರದ ತಿರುವಿನಲ್ಲಿ ನಾವು ಬರುತ್ತಿದ್ದ ಜೀಪು ಮಗುಚಿತು. ಆ ರಸ್ತೆ, ಆ ಮಳೆ ಗೊತ್ತಿರುವವರಿಗೆ ಜಾಸ್ತಿ ವಿವರ ಬೇಕಿಲ್ಲ. ಎದೆಯ ಹಿಂದಿನ ಹತ್ತನೇ ಮಣಿಯ ಹತ್ತಿರ ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿನಿಂದ ಕೆಳಗೆ ಕಾಲು ಅಲ್ಲಾಡುವುದಿಲ್ಲ, ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಮೊದಲು ಸೇರಿಸಿದ ಆಸ್ಪತ್ರೆಯಲ್ಲಿ ಆಪರೇಷನ್ ಚೆನ್ನಾಗಿಯೇ ಮಾಡಿದರು. ರಾಡು, ಸ್ಕ್ರೂ ಎಲ್ಲ ಹಾಕಿದರು. ಆದರೆ ಆಮೇಲೆ ಮಲಗಿಸಿದಲ್ಲೇ ಬಿಟ್ಟರು. ಡಿಸ್ಚಾರ್ಜ್ ಆಗುವ ಹೊತ್ತಿಗೆ ಸೊಂಟದ ಹಿಂದೆ ಅಂಗೈ ಅಗಲದ ಹುಣ್ಣು, ಆಸ್ಪತ್ರೆಯವರು ಬೆಡ್‌ಸೋರ್ ಅನ್ನುತ್ತಾರಲ್ಲ, ಅದು. ಇನ್ನು ಮುಂದೆ ಹೇಗೆ ಬದುಕಬೇಕು ಅಂತ ಯಾರೂ ಒಂದು ಮಾತು ಹೇಳಲಿಲ್ಲ. ಮನೆಯವರಿಗೆ ಹೇಳಿದ್ದು ಒಂದೇ, ಚೆನ್ನಾಗಿ ನೋಡಿಕೊಳ್ಳಿ.

ಬದುಕುವುದನ್ನು ಹೇಳಿಕೊಟ್ಟಿದ್ದು ವೆಲ್ಲೂರಿನಲ್ಲಿ. ಅಲ್ಲಿನ ಸಿಎಂಸಿ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ಹೆಸರಿಗಿಂತ ಮೊದಲು ಮಣಿಯ ನಂಬರ್ ಕೇಳುತ್ತಾರೆ. ನಾನು ಟಿ ಟೆನ್, ನೀವು? ಸಿ ಸಿಕ್ಸ್ ಅಂದರೆ ಕುತ್ತಿಗೆ, ಕೈಬೆರಳಿಗೂ ತೊಂದರೆ. ಎಲ್ ಒನ್ ಅಂದರೆ ಸೊಂಟ, ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಆ ವಿಭಾಗವನ್ನು ಬೆಳೆಸಿದ ಡಾಕ್ಟರ್ ಮೇರಿ ವರ್ಗೀಸ್ ಅವರೂ ನಮ್ಮ ಹಾಗೇ ವೀಲ್‌ಚೇರಿನಲ್ಲಿದ್ದವರು. 1954ರಲ್ಲಿ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದಾಗ ಅವರಿನ್ನೂ ಎಳೆಯ ವಯಸ್ಸಿನ ಡಾಕ್ಟರ್. ಆಮೇಲೆ ಕೂತುಕೊಂಡೇ ಕುಷ್ಠರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ನ್ಯೂಯಾರ್ಕಿಗೆ ಹೋಗಿ ಪುನರ್ವಸತಿ ವೈದ್ಯಕೀಯ ಕಲಿತು ಬಂದು ಇಲ್ಲಿನ ವಿಭಾಗದ ಮುಖ್ಯಸ್ಥೆಯಾದರು. 1972ರಲ್ಲಿ ಪದ್ಮಶ್ರೀ ಬಂತು. ಕಾಲು ಬರದ ಹೆಂಗಸೊಬ್ಬಳು ಆ ಕಾಲದಲ್ಲೇ ಸಮುದ್ರ ದಾಟಿ ಹೋಗಿ ಓದಿ ಬಂದಿದ್ದಳು ಅನ್ನುವುದು ನನಗೆ ಅಲ್ಲಿ ಕೇಳಿದ ಎಲ್ಲ ಸಮಾಧಾನದ ಮಾತಿಗಿಂತ ದೊಡ್ಡದಾಗಿತ್ತು.

ವೆಲ್ಲೂರಿನಲ್ಲಿ ಕಲಿತದ್ದರಲ್ಲಿ ಎರಡು ವಿಷಯ ಇಲ್ಲಿ ಹೇಳಲೇಬೇಕು. ಒಂದು ಚರ್ಮ. ನಮಗೆ ನೋವು ಗೊತ್ತಾಗುವುದಿಲ್ಲವಲ್ಲ, ಹಾಗಾಗಿ ಒಂದೇ ಕಡೆ ಭಾರ ಬಿದ್ದು ರಕ್ತ ಓಡಾಡದೆ ಚರ್ಮ ಸತ್ತರೂ ತಿಳಿಯುವುದಿಲ್ಲ. ಅದಕ್ಕೇ ವೀಲ್‌ಚೇರಿಗೆ ಬೇರೆಯದೇ ಕುಶನ್ ಇರುತ್ತದೆ. ಗಳಿಗೆಗೊಮ್ಮೆ ಎರಡೂ ಕೈ ಊರಿ ಮೈ ಎತ್ತಿ ಇಳಿಸಬೇಕು. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಹಿಂಭಾಗ ನೋಡಿಕೊಳ್ಳಬೇಕು. ಇನ್ನೊಂದು ಮೂತ್ರ. ಹೆಚ್ಚೂಕಮ್ಮಿ ನಾಲ್ಕು ಗಂಟೆಗೊಮ್ಮೆ ನಾವೇ ಸಣ್ಣ ಟ್ಯೂಬ್ ಹಾಕಿ ತೆಗೆದುಕೊಳ್ಳಬೇಕು. ಇದಕ್ಕೆ ಆಸ್ಪತ್ರೆಯಷ್ಟು ಶುದ್ಧ ಜಾಗ ಬೇಕಿಲ್ಲ, ಸೋಪು ಹಾಕಿ ಕೈ ತೊಳೆದು ಚೊಕ್ಕಟವಾಗಿ ಮಾಡಿಕೊಂಡರೆ ಸಾಕು ಅಂತ ತೋರಿಸಿದವರು ಅಮೆರಿಕದ ಮಿಷಿಗನ್ನಿನ ಡಾಕ್ಟರ್ ಜ್ಯಾಕ್ ಲ್ಯಾಪಿಡಿಸ್, 1972ರಲ್ಲಿ. ಆ ಒಂದು ಮಾತಿನಿಂದ ನಮ್ಮಂಥವರು ಆಸ್ಪತ್ರೆ ಬಿಟ್ಟು ಹೊರಗೆ ಬರುವ ಹಾಗಾಯಿತು. ರೈಲಿನಲ್ಲಿ, ಹೋಟೆಲಿನಲ್ಲಿ, ಕಾರಿನ ಹಿಂದಿನ ಸೀಟಿನಲ್ಲಿ ಎಲ್ಲಿ ಬೇಕಾದರೂ ಮಾಡಿಕೊಳ್ಳಬಹುದು. ಪ್ರವಾಸದ ಬಗ್ಗೆ ಬರೆಯುವವರು ಇದನ್ನೆಲ್ಲ ಬರೆಯುವುದಿಲ್ಲ. ಕೆನಡಾದ ರಿಕ್ ಹ್ಯಾನ್ಸನ್ 1985ರಿಂದ 1987ರವರೆಗೆ ವೀಲ್‌ಚೇರನ್ನು ಕೈಯಲ್ಲಿ ತಳ್ಳಿಕೊಂಡೇ 34 ದೇಶ, 40,000 ಕಿಲೋಮೀಟರ್ ಸುತ್ತಿದರು. ಅವರ ಬಗ್ಗೆ ನನಗೆ ತುಂಬಾ ಗೌರವ. ಆದರೆ ಹಾಸಿಗೆಯಲ್ಲಿ ಮಲಗಿ ಆ ಕಥೆ ಕೇಳಿದಾಗ ನನಗೆ ತಿಳಿಯಬೇಕಿದ್ದದ್ದು ಕಿಲೋಮೀಟರ್ ಲೆಕ್ಕ ಅಲ್ಲ. ಅವರು ದಾರಿಯಲ್ಲಿ ಟಾಯ್ಲೆಟ್ಟಿಗೆ ಎಲ್ಲಿ ಹೋಗುತ್ತಿದ್ದರು, ಕುಶನ್ ಹರಿದರೆ ಏನು ಮಾಡುತ್ತಿದ್ದರು ಅನ್ನುವುದು.

ಮಂಟಪದ ಕುರ್ಚಿ

ಊರಿಗೆ ಬಂದ ಮೇಲೆ ಚಿಕ್ಕಪ್ಪನ ಮಗಳ ಮದುವೆ ಬಂತು. ಬೇಸಿಗೆ ರಜೆ, ಸೋಮವಾರಪೇಟೆ ಕಡೆಯ ಒಂದು ಕಲ್ಯಾಣ ಮಂಟಪ. ನಾನು ಬರುವುದಿಲ್ಲ ಅಂದೆ. ಚಿಕ್ಕಪ್ಪ ಮನೆಗೇ ಬಂದರು. ನೀನು ಬರದಿದ್ದರೆ ನನಗೆ ಮದುವೆ ಮಾಡಿದ ಹಾಗೇ ಅನ್ನಿಸಲ್ಲ ಮಗಾ, ಹುಡುಗರಿದ್ದಾರೆ, ಎತ್ತಿಕೊಂಡು ಹೋಗ್ತಾರೆ ಅಂದರು. ಅವರ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ.

ಮಂಟಪದ ಮುಂದೆ ಕಾರು ನಿಲ್ಲುವುದೇ ತಡ, ಹುಡುಗರು ಓಡಿ ಬಂದರು. ಎಲ್ಲ ಚಿಕ್ಕವರಿದ್ದಾಗ ನಾನೇ ಎತ್ತಿ ಆಡಿಸಿದವರು. ಒಬ್ಬ ವೀಲ್‌ಚೇರಿನ ಕೈ ಹಿಡಿದ. ಅದು ಎಳೆದರೆ ಕಿತ್ತುಬರುವ ಕೈ, ಪಕ್ಕದ ಮಂಚಕ್ಕೆ ಜರುಗಲು ಅನುಕೂಲ ಆಗಲಿ ಅಂತ ಹಾಗೆ ಮಾಡಿರುತ್ತಾರೆ. ಕಿತ್ತುಬಂತು. ನಾನು ಒಂದು ಕಡೆ ವಾಲಿದೆ. ಇನ್ನೊಬ್ಬ ಪಾದ ಇಡುವ ಹಲಗೆ ಹಿಡಿದಿದ್ದ, ಅದೂ ಕಳಚುವಂಥದ್ದೇ. ಮುಂದಿನಿಂದ ಹತ್ತಿಸಬೇಡಿ, ತಿರುಗಿಸಿ, ದೊಡ್ಡ ಚಕ್ರ ಮೊದಲು ಬರಲಿ, ಇಬ್ಬರು ಸಾಕು ಅಂತ ನಾನು ಹೇಳುತ್ತಲೇ ಇದ್ದೆ. ವಾಲಗದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಹಾಗೂ ಹೀಗೂ ಮೇಲೆ ಬಂದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸೀರೆ ಮೊಣಕಾಲಿನವರೆಗೆ ಜಾರಿತ್ತು. ಅತ್ತಿಗೆ ಓಡಿ ಬಂದು ಸರಿಮಾಡಿದಳು.

ಫೋಟೋಗೆ ವೇದಿಕೆ ಮೇಲೆ ಬಾ ಅಂದರು. ವೇದಿಕೆಗೆ ಮತ್ತೆ ಮೆಟ್ಟಿಲು, ಕಡಿದಾದ ಮರದ ಮೆಟ್ಟಿಲು, ಚೇರು ಹೋಗುವುದಿಲ್ಲ. ಒಬ್ಬ ತೋಳಿನ ಕೆಳಗೆ ಕೈ ಹಾಕಿದ, ಒಬ್ಬ ಮೊಣಕಾಲಿನ ಕೆಳಗೆ. ಮೇಲಿದ್ದ ಕಬ್ಬಿಣದ ಕುರ್ಚಿಯಲ್ಲಿ ಕೂರಿಸಿದರು. ಕುಶನ್ ಕೆಳಗೆ ವೀಲ್‌ಚೇರಿನಲ್ಲೇ ಉಳಿಯಿತು. ಧಾರೆ ಮುಗಿಯಲಿ, ಹಾಗೇ ಕೂತಿರು, ಚೆನ್ನಾಗಿ ಕಾಣುತ್ತೆ ಅಂದರು. ಆಮೇಲೆ ಹುಡುಗನ ಕಡೆಯವರ ಫೋಟೋ, ನಮ್ಮ ಕಡೆಯವರ ಫೋಟೋ. ಎತ್ತಿದ ಹುಡುಗರು ಬಡಿಸಲು ಹೋದರು. ಕೆಳಗಿಳಿಸಿ ಅಂತ ಕೇಳಲು ನಾನು ಸುತ್ತ ನೋಡಿದೆ. ಎಲ್ಲರೂ ಖುಷಿಯಾಗಿದ್ದರು. ಕರೆದರೆ ನಾಲ್ಕು ಜನ ಊಟದ ಪಂಕ್ತಿ ಬಿಟ್ಟು ಬರಬೇಕು. ಸುಮ್ನೆ ಕೂತೆ.

ರಾತ್ರಿ ಕನ್ನಡಿಯಲ್ಲಿ ನೋಡಿದಾಗ ಕೂರುವ ಮೂಳೆಯ ಮೇಲೆ ರೂಪಾಯಿ ಅಗಲದ ಕೆಂಪು. ಬೆರಳಲ್ಲಿ ಒತ್ತಿದರೆ ಬಿಳಿಚಿಕೊಳ್ಳಬೇಕು, ಹಾಗಾದರೆ ರಕ್ತ ಇನ್ನೂ ಓಡಾಡುತ್ತಿದೆ ಅಂತ ಅರ್ಥ. ಬಿಳಿಚಿಕೊಳ್ಳಲಿಲ್ಲ. ಎರಡು ದಿನದಲ್ಲಿ ಬೊಕ್ಕೆ ಬಂತು, ಆಮೇಲೆ ಒಡೆಯಿತು. ಆ ವರ್ಷದ ಮಳೆಗಾಲ ಪೂರ್ತಿ ನಾನು ಬೋರಲು ಮಲಗಿ ಕಳೆದೆ. ಕೊಡವರ ಆಯುಧ ಹಬ್ಬ ಕೈಲ್ ಪೋಳ್ದ್ ಬಂದು ಹೋಯಿತು, ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋದವರು ಬಾಟಲಿಯಲ್ಲಿ ತೀರ್ಥ ತಂದುಕೊಟ್ಟರು, ದೀಪಾವಳಿ ಹೊತ್ತಿಗೆ ಮತ್ತೆ ಕೂತೆ. ಚಿಕ್ಕಪ್ಪನಿಗೆ ಇದು ಗೊತ್ತೇ ಇಲ್ಲ. ಜ್ವರ ಅಂತ ಹೇಳಿದ್ದೆವು. ಮಗಳ ಮದುವೆಯ ನೆನಪಿಗೆ ಇದನ್ನು ಯಾಕೆ ಅಂಟಿಸಬೇಕು ಅಂತ ಅಮ್ಮ ಅಂದಳು, ನನಗೂ ಸರಿ ಅನ್ನಿಸಿತು.

ಅದಾದ ಮೇಲೆ ಯಾವ ಮದುವೆಗೂ ಹೋಗಲಿಲ್ಲ. ಜನ ನಾನು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿಲ್ಲ ಅಂದುಕೊಂಡರು. ಮನೆಯಲ್ಲೇ ಕೂತು ಬೆಳೆಗಾರರ ಲೆಕ್ಕಪತ್ರ, ಹೋಂಸ್ಟೇಗಳ ತೆರಿಗೆ ರಿಟರ್ನ್ಸ್ ಮಾಡಿಕೊಡಲು ಶುರುಮಾಡಿದೆ. ಬಿ.ಕಾಂ. ಓದಿದ್ದು ಉಪಯೋಗಕ್ಕೆ ಬಂತು. ಇಂಟರ್ನೆಟ್ ಕೈಕೊಡದ ದಿನ ಕೆಲಸ ಚೆನ್ನಾಗಿಯೇ ಸಾಗುತ್ತಿತ್ತು. ಕೈಯಲ್ಲಿ ದುಡ್ಡು ಕೂಡಿತು. ಆಗ ಅತ್ತಿಗೆಯೇ ಕೇಳಿದ್ದು, ಎಲ್ಲಾದರೂ ಹೋಗೋಣ್ವಾ ಅಂತ. ಮೈಸೂರಿಗೋ ಧರ್ಮಸ್ಥಳಕ್ಕೋ ಅಂದುಕೊಂಡೆ. ಅವಳು ಸಿಂಗಪುರ ಅಂದಳು. ಅವಳ ತಮ್ಮ ಅಲ್ಲಿದ್ದ. ಅಕ್ಕ, ಇಲ್ಲಿ ಎತ್ತೋದು ಇಳಿಸೋದು ಏನೂ ಇರಲ್ಲ, ಬನ್ನಿ ಅಂದಿದ್ದ.

ಯಾರೋ ಬಸ್ಸಿನಿಂದ ಇಳಿಯಲಿಲ್ಲ

ವಿಮಾನದ ಬಾಗಿಲಿನವರೆಗೆ ನಮ್ಮ ಚೇರು, ಅಲ್ಲಿಂದ ಸೀಟಿನವರೆಗೆ ಐಲ್ ಚೇರ್. ಸೀಟುಗಳ ನಡುವಿನ ಓಣಿಯಲ್ಲಿ ಹೋಗುವಷ್ಟು ಸಪೂರವಾದ ಕುರ್ಚಿ. ಬೆಲ್ಟು ಬಿಗಿದು ತಳ್ಳಿಕೊಂಡು ಹೋಗುತ್ತಾರೆ. ನನ್ನ ಕುಶನ್ ತೆಗೆದು ಸೀಟಿನ ಮೇಲೆ ಹಾಕಿಕೊಂಡೆ, ನಾನೇ ಜರುಗಿ ಕೂತೆ. ಟಿಕೆಟ್ ಮಾಡಿಸುವಾಗಲೇ ವಿಮಾನದವರಿಗೆ ತಿಳಿಸಿರಬೇಕು ಅನ್ನುವುದು ಬಿಟ್ಟರೆ ದೊಡ್ಡ ರಗಳೆ ಏನಿರಲಿಲ್ಲ. ದೂರದ ಪ್ರಯಾಣಕ್ಕಾದರೆ ಮೂತ್ರದ ಟ್ಯೂಬು, ಅಂದರೆ ಕ್ಯಾತಿಟರ್, ಹಾಕಿಕೊಂಡು ಕಾಲಿಗೆ ಬ್ಯಾಗ್ ಕಟ್ಟಿಕೊಂಡೇ ಹತ್ತುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಮುಜುಗರ ಇಲ್ಲ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಾನು ಇನ್ನೂ ಬೇಗ ಹೊರಡುತ್ತಿದ್ದೆ.

ಸಿಂಗಪುರದಲ್ಲಿ ಮೊದಲ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆವು. ಬಸ್ ಬಂತು. ಡ್ರೈವರ್ ಸೀಟಿನಿಂದ ಎದ್ದು ಬಂದು ನಡುವಿನ ಬಾಗಿಲ ಹತ್ತಿರ ನೆಲಕ್ಕೆ ಮಡಚಿದ್ದ ಹಲಗೆಯನ್ನು ತೆರೆದು ಫುಟ್‌ಪಾತಿಗೆ ಇಳಿಬಿಟ್ಟ. ನಾನು ಹತ್ತಿ ಹೋದೆ. ಮತ್ತೆ ಮಡಚಿ ತನ್ನ ಸೀಟಿಗೆ ಹೋದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರೂ ನೋಡಲೂ ಇಲ್ಲ. ಒಬ್ಬ ಹುಡುಗಿ ಫೋನ್ ನೋಡುತ್ತಾ ಸ್ವಲ್ಪ ಪಕ್ಕಕ್ಕೆ ಸರಿದು ನಿಂತಳು. ಅಪಘಾತ ಆದ ಮೇಲೆ ಮೊದಲ ಸಲ ನಾನು ಜನರ ನಡುವೆ ಯಾರ ಗಮನಕ್ಕೂ ಬಾರದೆ ಕೂತಿದ್ದೆ. ಆ ಸುಖವನ್ನು ಹೇಗೆ ಹೇಳಲಿ! ಅತ್ತಿಗೆಗೆ ಹೇಳಿ ಸುಮ್ಮನೆ ಇನ್ನೊಂದು ಬಸ್ ಹತ್ತಿದೆವು, ಅದು ಎಲ್ಲಿಗೆ ಹೋಗುತ್ತೆ ಅಂತಲೂ ನೋಡದೆ.

ಆಮೇಲೆ ಜಪಾನಿಗೆ ಹೋದೆ. ಟೋಕಿಯೊದ ರೈಲು ನಿಲ್ದಾಣದಲ್ಲಿ ಟೋಪಿ ಹಾಕಿದ ಸಿಬ್ಬಂದಿ ಎಲ್ಲಿ ಇಳಿಯುತ್ತೀರಿ ಅಂತ ಕೇಳಿ, ಹಗುರವಾದ ಮಡಚುವ ರ‍್ಯಾಂಪ್ ಹಿಡಿದು ನಮ್ಮ ಜೊತೆ ಪ್ಲಾಟ್‌ಫಾರ್ಮಿಗೆ ಬಂದ. ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿಗೆ ಅದನ್ನು ಹಾಸಿ ಹತ್ತಿಸಿದ. ಹತ್ತಿದ ಮೇಲೆ ನನಗೆ ದಿಗಿಲು, ಇಳಿಯುವಾಗ ಏನು ಗತಿ ಅಂತ. ನಮ್ಮ ನಿಲ್ದಾಣ ಬಂತು, ಬಾಗಿಲು ತೆರೆಯಿತು. ಸರಿಯಾಗಿ ಅದೇ ಬಾಗಿಲಿನ ಮುಂದೆ ಇನ್ನೊಬ್ಬ ಸಿಬ್ಬಂದಿ ಅಂಥದ್ದೇ ರ‍್ಯಾಂಪ್ ಹಿಡಿದು ನಿಂತಿದ್ದ. ಅಲ್ಲಿಂದ ಇಲ್ಲಿಗೆ ಫೋನ್ ಹೋಗಿತ್ತು, ಯಾವ ಡಬ್ಬಿ, ಯಾವ ಬಾಗಿಲು ಅಂತ. ನಿಲ್ದಾಣದಲ್ಲೇ ವೀಲ್‌ಚೇರ್ ತಿರುಗುವಷ್ಟು ದೊಡ್ಡ ಟಾಯ್ಲೆಟ್. ಒಳಗೆ ಹಿಡಿದುಕೊಳ್ಳಲು ಕಂಬಿ, ಕೈಗೆ ಸಿಗುವ ಎತ್ತರದಲ್ಲಿ ನಲ್ಲಿ. ಮೂತ್ರದ ಹೆದರಿಕೆಗೆ ಯಾವಾಗಲೂ ನೀರು ಕಡಿಮೆ ಕುಡಿಯುತ್ತಿದ್ದವಳು ನಾನು. ಅದು ಕಿಡ್ನಿಗೆ ಒಳ್ಳೆಯದಲ್ಲ, ಗೊತ್ತಿದ್ದೂ ಹಾಗೇ ಮಾಡುತ್ತಿದ್ದೆ. ಟೋಕಿಯೊದಲ್ಲಿ ಹೊಟ್ಟೆ ತುಂಬಾ ನೀರು ಕುಡಿದೆ.

ಜಪಾನೀಯರು ಹುಟ್ಟಾ ಒಳ್ಳೆಯವರು, ಶಿಸ್ತಿನವರು, ಅದಕ್ಕೇ ಹೀಗೆ ಅಂತ ನಮ್ಮಲ್ಲಿ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಓದಿ ನೋಡಿದರೆ ಕಥೆ ಬೇರೆ. 1977ರಲ್ಲಿ ಟೋಕಿಯೊ ಪಕ್ಕದ ಕವಾಸಾಕಿಯಲ್ಲಿ ವೀಲ್‌ಚೇರಿನವರನ್ನು ಬಸ್ಸಿಗೆ ಹತ್ತಿಸುತ್ತಿರಲಿಲ್ಲ. ಜೊತೆಗೊಬ್ಬರು ಇರಬೇಕು ಅನ್ನುತ್ತಿದ್ದರು. ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಇದ್ದ ಜನರ ಒಂದು ಗುಂಪು ಹಟ ಹಿಡಿದು ಬಸ್ಸುಗಳಿಗೆ ಹತ್ತಿ ಇಳಿಯದೆ ಕೂತಿತು. ಮರು ವರ್ಷ, 1978ರ ಜುಲೈನಲ್ಲಿ, ಅಮೆರಿಕದ ಡೆನ್ವರಿನಲ್ಲಿ 19 ಮಂದಿ ಬಸ್ಸುಗಳ ಮುಂದೆ ವೀಲ್‌ಚೇರ್ ನಿಲ್ಲಿಸಿ ರಾತ್ರಿಯೆಲ್ಲ ದಾರಿ ಬಿಡಲಿಲ್ಲ. ಜಪಾನಿನಲ್ಲಿ ನಿಲ್ದಾಣಗಳಿಗೆ ಲಿಫ್ಟ್ ಬೇಕು ಅನ್ನುವ ಕಾನೂನು ಬಂದಿದ್ದೇ 2000ದಲ್ಲಿ. ನಾನು ಹತ್ತಿದ ಐಲ್ ಚೇರಿನ ಹಿಂದೆಯೂ ಒಬ್ಬ ಮನುಷ್ಯ ಇದ್ದಾರೆ, ನಮ್ಮ ದೇಶದವರೇ. ಜಾವೇದ್ ಅಬಿದಿ. ತಾವೂ ವೀಲ್‌ಚೇರಿನಲ್ಲಿದ್ದು ವಿಮಾನ ನಿಲ್ದಾಣಗಳಲ್ಲಿ ಐಲ್ ಚೇರ್, ವೀಲ್‌ಚೇರನ್ನು ವಿಮಾನದ ಬಾಗಿಲಿನ ಎತ್ತರಕ್ಕೆ ಏರಿಸುವ ಆಂಬುಲಿಫ್ಟ್ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದರು. 1998ರಲ್ಲಿ ತೀರ್ಪು ಬಂತು. 2018ರಲ್ಲಿ ಅವರು ತೀರಿಕೊಂಡಾಗ ನನಗೆ ಅವರ ಹೆಸರೇ ಗೊತ್ತಿರಲಿಲ್ಲ. ಎಲ್ಲೆಲ್ಲಿ ಇವತ್ತು ರ‍್ಯಾಂಪ್ ಇದೆಯೋ ಅಲ್ಲಿ ಹಿಂದೊಮ್ಮೆ ಯಾರೋ ನನ್ನನ್ನು ಎತ್ತಬೇಡಿ ಅಂದಿದ್ದಾರೆ. ನಮ್ಮಲ್ಲಿ ಎತ್ತುವವರು ಇಷ್ಟು ಒಳ್ಳೆಯವರಾಗಿರುವುದರಿಂದಲೇ ಆ ಮಾತು ಬಾಯಿಗೆ ಬರುವುದಿಲ್ಲ. ಜಗಳಕ್ಕೆ ಒಬ್ಬ ಕೆಟ್ಟವನಾದರೂ ಬೇಕಲ್ಲ, ಇಲ್ಲಿ ಎದುರಿಗಿರುವುದು ಚಿಕ್ಕಪ್ಪ.

ಆಗಸ್ಟ್ 2018

ಹಾಗಾದರೆ ಎತ್ತುವುದೇ ತಪ್ಪಾ? ಇದನ್ನು ಯೋಚಿಸುವಾಗಲೆಲ್ಲ ಆ ಮಳೆಗಾಲ ನೆನಪಿಗೆ ಬರುತ್ತದೆ. ಸಿಂಗಪುರಕ್ಕೆ ಹೋಗಿ ಬಂದಾಗಿತ್ತು, ಜಪಾನ್ ಇನ್ನೂ ಆಗಿರಲಿಲ್ಲ. ಸ್ವಾತಂತ್ರ್ಯ ದಿನಾಚರಣೆಯ ಮರುದಿನ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ, ಆ ವಾರ ಗುಡ್ಡಗಳು ಕುಸಿದು ಏನೇನಾಯಿತು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆಯ ಮೇಲಿನ ತೋಟದಲ್ಲಿ ಬೆಳಿಗ್ಗೆ ಬಿರುಕು ಕಂಡಿತ್ತು. ಸಂಜೆ ಹೊತ್ತಿಗೆ ಬಾವಿ ನೀರು ಕೆಂಪಾಯಿತು. ಅಣ್ಣ ಬಂದು ಈಗಲೇ ಹೊರಡಬೇಕು ಅಂದ. ರಸ್ತೆ ಆಗಲೇ ಕುಸಿದಿತ್ತು, ಜೀಪು ಬರುವ ಹಾಗಿರಲಿಲ್ಲ. ತೋಟದ ಒಳಗೇ ಇಳಿದು ಹೋಗಬೇಕು.

ತೋಟದ ಕೆಲಸಗಾರರ ಲೈನ್ ಮನೆಯಲ್ಲಿದ್ದ ಅಸ್ಸಾಮಿನ ಹುಡುಗರು ಬಂದರು, ಪಕ್ಕದ ತೋಟದವರು ಬಂದರು. ಒಂದು ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಕಟ್ಟಿದರು. ಅಮ್ಮ ಬೇರೇನೂ ತೆಗೆದುಕೊಳ್ಳಲಿಲ್ಲ, ಮೊದಲು ನನ್ನ ಕುಶನ್ ತಂದು ಕುರ್ಚಿಗೆ ಹಾಕಿದಳು. ವೀಲ್‌ಚೇರ್ ಜಗಲಿಯಲ್ಲೇ ಉಳಿಯಿತು. ನನ್ನನ್ನು ಮುಟ್ಟುವ ಮೊದಲು ಒಬ್ಬ ಹುಡುಗ ಹರಕು ಕನ್ನಡದಲ್ಲಿ ಕೇಳಿದ, ಅಕ್ಕ, ಎಲ್ಲಿ ಹಿಡಿಯೋದು? ನಾನು ಹೇಳಿದೆ. ಹೇಳಿದ ಹಾಗೇ ಹಿಡಿದರು. ಕತ್ತಲು, ಮಳೆ, ಮೇಲಿನಿಂದ ಗುಡ್ಡ ಗುಡುಗಿದ ಹಾಗೆ ಸದ್ದು. ಕಾಫಿ ಗಿಡಗಳ ಸಾಲಿನಲ್ಲಿ ಒಬ್ಬರು ಮುಂದೆ ಕತ್ತಿಯಲ್ಲಿ ರೆಂಬೆ ಕಡಿಯುತ್ತಾ ಹೋದರು. ಹೆಗಲು ಬದಲಾಯಿಸುವಾಗ ಮಾತ್ರ ನಿಂತರು. ಯಾರೂ ಮಾತಾಡಲಿಲ್ಲ.

ಕೆಳಗಿನ ಡಾಂಬರು ರಸ್ತೆಗೆ ಬಂದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ನನ್ನ ಎರಡೂ ಕಾಲಿಗೆ ಜಿಗಣೆ. ಪಾದದಿಂದ ಮೊಣಕಾಲಿನವರೆಗೆ, ಬೆರಳ ಸಂದಿಯಲ್ಲೂ. ನನಗೆ ಗೊತ್ತೇ ಆಗಿರಲಿಲ್ಲ. ಹೊತ್ತು ತಂದ ಹುಡುಗನೊಬ್ಬ ತನ್ನ ಕಾಲಿನ ಜಿಗಣೆ ಹಾಗೇ ಬಿಟ್ಟು ಮಂಡಿಯೂರಿ ಕೂತು ನನ್ನ ಕಾಲಿನವನ್ನು ಒಂದೊಂದಾಗಿ ಉಗುರಿನಿಂದ ಎಬ್ಬಿಸಿ ತೆಗೆದ. ಸೊಂಟದ ಚೀಲದಲ್ಲಿ ತಂಬಾಕು ಇತ್ತು, ಅದನ್ನು ನೀರಿನಲ್ಲಿ ಕಲಸಿ ಹಚ್ಚಿದ. ನಾನು ಅವನ ತಂಗಿಯೋ ಅಕ್ಕನೋ ಅನ್ನುವ ಹಾಗೆ.

ಆ ರಾತ್ರಿ ಹೊತ್ತವರ ಋಣ ನನ್ನ ಮೇಲಿದೆ, ಅದು ತೀರುವಂಥದ್ದಲ್ಲ. ಅವತ್ತು ನನಗೆ ಒಂದು ಕ್ಷಣವೂ ಸಂಕೋಚ ಆಗಲಿಲ್ಲ. ಯಾಕೆ ಅಂತ ಆಮೇಲೆ ತುಂಬಾ ಯೋಚಿಸಿದ್ದೇನೆ. ಅವರು ಎಲ್ಲಿ ಹಿಡಿಯಬೇಕು ಅಂತ ಕೇಳಿದರು, ಅದೊಂದು. ಇನ್ನೊಂದು, ಗುಡ್ಡ ಯಾರನ್ನೂ ಕೇಳದೆ ಕುಸಿಯಿತು. ಮಂಟಪದ ಮೆಟ್ಟಿಲು ಹಾಗಲ್ಲ. ಅದನ್ನು ಯಾರೋ ನಕ್ಷೆ ಬರೆದು, ಮೇಸ್ತ್ರಿಗೆ ದುಡ್ಡು ಕೊಟ್ಟು ಕಟ್ಟಿಸಿದ್ದಾರೆ. ಅವತ್ತೇ ಪಕ್ಕದಲ್ಲಿ ಒಂದು ಇಳಿಜಾರು ಕಟ್ಟಿಸಬಹುದಿತ್ತು. ಕಟ್ಟಿಸದೆ ಬಿಟ್ಟು, ಪ್ರತಿ ಮದುವೆಗೂ ನಾಲ್ಕು ಹುಡುಗರ ಬೆನ್ನಿನ ಮೇಲೆ ಆ ಕೆಲಸ ಹಾಕುತ್ತೇವೆ. ಅದಕ್ಕೆ ಪ್ರೀತಿ ಅಂತ ಹೆಸರಿಡುತ್ತೇವೆ. ಪ್ರೀತಿ ಇರುವುದು ನಿಜ. ಆ ಪ್ರೀತಿಯಿಂದಲೇ ಎರಡು ಮೂಟೆ ಸಿಮೆಂಟೂ ತರಿಸಬಹುದಲ್ವಾ?

ನಾಲ್ಕು ಮೆಟ್ಟಿಲು ಆಚೆ

ನಾನು ಊರೂರು ಸುತ್ತಿದ್ದನ್ನು ಬರೆಯುವಾಗ ಒಬ್ಬನ ವಿಷಯ ಬರೆಯದಿದ್ದರೆ ಅನ್ಯಾಯ. ನಮ್ಮ ಕಡೆ ಬೆನ್ನುಮೂಳೆ ಮುರಿಯುವುದು ಹೆಚ್ಚಾಗಿ ಜೀಪಿನಿಂದ ಅಲ್ಲ, ಮರದಿಂದ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುತ್ತೇವೆ. ಜನವರಿಯಿಂದ ಮಾರ್ಚ್‌ವರೆಗೆ ಕೊಯ್ಲು. ಏಣಿ ಒರಗಿಸಿ, ಹೆಗಲಿಗೆ ಚೀಲ ಹಾಕಿಕೊಂಡು ಮೂವತ್ತು ಅಡಿ ಮೇಲೆ ಒಂದು ಕೈಯಲ್ಲಿ ಕೊಯ್ಯಬೇಕು. ಏಣಿ ಜಾರಿದರೆ ಮುಗಿಯಿತು. ಮಳೆಗಾಲದ ಮೊದಲು ನೆರಳು ಮರಗಳ ಕಪಾತು ಮಾಡುವಾಗಲೂ ಹಾಗೇ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹತ್ತುವವರು ಈಗಲೂ ಕಡಿಮೆ.

ಹಾಗೆ ಬಿದ್ದ ಒಬ್ಬ ಕೆಲಸಗಾರ ಲೈನ್ ಮನೆಯಲ್ಲಿ ಮಲಗಿದ್ದಾನೆ, ಒಂದು ಸಲ ಬಂದು ಮಾತಾಡಿ ಅಂತ ಫಿಸಿಯೋಥೆರಪಿಸ್ಟ್ ಹೇಳಿದರು. ಹೋದೆ. ಲೈನ್ ಮನೆಯ ಮುಂದೆ ನಾಲ್ಕು ಮೆಟ್ಟಿಲು, ಎತ್ತರದ ಕಲ್ಲಿನವು. ಅವನು ಒಳಗೆ ಮಂಚದ ಮೇಲೆ, ನಾನು ಅಂಗಳದಲ್ಲಿ. ಅವನಿಗೆ ಇಳಿಯಲಾಗದು, ನನಗೆ ಹತ್ತಲಾಗದು. ಬಾಗಿಲಿನಿಂದ ಅವನ ಪಾದ ಮಾತ್ರ ಕಾಣುತ್ತಿತ್ತು. ಎತ್ತಿಕೊಂಡು ಬರ್ತೀವಿ ಮೇಡಂ ಅಂತ ಅವನ ಹೆಂಡತಿ ಯಾರನ್ನೋ ಕರೆಯಲು ಹೊರಟಳು. ಬೇಡಮ್ಮ ಅಂದೆ. ಅತ್ತಿಗೆ ಒಳಗೆ ಹೋದಳು. ನಾನು ಹೊರಗಿನಿಂದ ಹೇಳುವುದು, ಅವಳು ಒಳಗೆ ತೋರಿಸುವುದು. ಹೇಗೆ ಮಗ್ಗುಲು ಬದಲಾಯಿಸಬೇಕು, ಕಾಲಿನ ನಡುವೆ ದಿಂಬು ಹೇಗೆ ಇಡಬೇಕು, ಕೆಂಪಾದ ಕಡೆ ಉಜ್ಜಬಾರದು, ಟ್ಯೂಬನ್ನು ಹೇಗೆ ತೊಳೆಯಬೇಕು. ಮೂತ್ರದ ವಿಷಯವನ್ನು ಅಂಗಳದಿಂದಲೇ ಕೂಗಿ ಹೇಳಬೇಕಾಯಿತು. ಅಕ್ಕಪಕ್ಕದವರೆಲ್ಲ ಕೇಳಿಸಿಕೊಂಡರು. ಕೇಳಿಸಿಕೊಳ್ಳಲಿ, ಬೇಕಾಗುತ್ತದೆ.

ಹೊರಡುವಾಗ ಅವನು ಒಳಗಿನಿಂದಲೇ ಕೇಳಿದ, ಮೇಡಂ, ನೀವು ಫಾರಿನ್‌ಗೆ ಹೋಗಿದ್ರಂತೆ, ಹೌದಾ? ಹೌದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಂಗೆ ಕಣದ ತನಕ ಹೋದ್ರೆ ಸಾಕು ಅಂದ. ಕಾಫಿ ಒಣಗಿಸುವ ಕಣ, ಅಲ್ಲೇ ಕೆಳಗೆ ಕಾಣುತ್ತಿತ್ತು. ಅಣ್ಣ ಮುಂದಿನ ವಾರ ಸಿಲ್ವರ್ ಓಕಿನ ಎರಡು ಉದ್ದ ಹಲಗೆ ಕುಯ್ಯಿಸಿ ತಂದು ಆ ಮೆಟ್ಟಿಲಿಗೆ ಹಾಸಿ ಮೊಳೆ ಹೊಡೆದ. ಕಡಿದು, ಒಬ್ಬರು ಹಿಂದೆ ಹಿಡಿದುಕೊಳ್ಳಬೇಕು, ಆದರೂ ಇಳಿಯಬಹುದು. ಈಗ ಕೊಯ್ಲಿನ ಕಾಲದಲ್ಲಿ ಸಂಜೆ ಕಣದಲ್ಲಿ ಕೂತು ಯಾರು ಎಷ್ಟು ಕೆಜಿ ಹಣ್ಣು ಕೊಯ್ದರು ಅಂತ ತೂಕ ಬರೆಯುವುದು ಅವನೇ. ನಾನು ಟೋಕಿಯೊಗೆ ಹೋದೆ, ಅವನು ಕಣಕ್ಕೆ ಹೋದ. ನಡುವೆ ಇರುವುದು ಮನೋಬಲದ ವ್ಯತ್ಯಾಸ ಅಲ್ಲ. ನಮಗೆ ತೋಟ ಇತ್ತು, ವೆಲ್ಲೂರಿಗೆ ಹೋಗಲು ದುಡ್ಡಿತ್ತು, ಅತ್ತಿಗೆ ಇದ್ದಳು. 2024ರಲ್ಲಿ ರೊಬಸ್ಟಾ ಬೆಲೆ ಯಾರೂ ಕಾಣದಷ್ಟು ಏರಿದ್ದರಿಂದಲೇ ಇಂಗ್ಲೆಂಡ್ ಟಿಕೆಟ್ ಆಯಿತು.

ಐಲ್ಸ್‌ಬರಿ

ಇಂಗ್ಲೆಂಡಿನಲ್ಲಿ ನಾನು ನೋಡಲೇಬೇಕು ಅಂತ ಹಟ ಹಿಡಿದಿದ್ದು ಒಂದೇ ಜಾಗ. ಲಂಡನ್ನಿನ ಮೇರಿಲೆಬೋನ್ ಸ್ಟೇಷನ್ನಿನಿಂದ ಸುಮಾರು ಒಂದು ಗಂಟೆ ರೈಲು, ಐಲ್ಸ್‌ಬರಿ ಅನ್ನುವ ಊರು. ಅಲ್ಲಿ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆ ಇದೆ. ಹಿಟ್ಲರನ ಜರ್ಮನಿಯಿಂದ 1939ರಲ್ಲಿ ತಪ್ಪಿಸಿಕೊಂಡು ಬಂದ ಯಹೂದಿ ಡಾಕ್ಟರ್ ಲುಡ್ವಿಗ್ ಗಟ್‌ಮನ್ 1944ರ ಫೆಬ್ರವರಿಯಲ್ಲಿ ಇಲ್ಲಿ ಬೆನ್ನುಹುರಿ ವಿಭಾಗ ತೆರೆದರು. ಅಲ್ಲಿಯವರೆಗೆ ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಹೆಚ್ಚಿನವರು ಹುಣ್ಣು ಮತ್ತು ಮೂತ್ರದ ಸೋಂಕಿನಿಂದಲೇ ಸಾಯುತ್ತಿದ್ದರು. ಗಟ್‌ಮನ್ ಹಗಲೂ ರಾತ್ರಿ ಎರಡೆರಡು ಗಂಟೆಗೆ ಎಲ್ಲರ ಮಗ್ಗುಲು ಬದಲಾಯಿಸಲೇಬೇಕು ಅಂದರು. 1948ರ ಜುಲೈ 29, ಲಂಡನ್ ಒಲಿಂಪಿಕ್ಸ್ ಶುರುವಾದ ದಿನವೇ, ಅಲ್ಲಿನ ಹುಲ್ಲಿನ ಮೇಲೆ ವೀಲ್‌ಚೇರಿನಲ್ಲಿದ್ದ 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಅದೇ ಬೆಳೆದು 1960ರಲ್ಲಿ ರೋಮಿನಲ್ಲಿ 23 ದೇಶಗಳ 400 ಕ್ರೀಡಾಪಟುಗಳು ಸೇರಿದರು, ಅದೇ ಮೊದಲ ಪ್ಯಾರಾಲಿಂಪಿಕ್ಸ್. ಈಗ ಆಸ್ಪತ್ರೆ ಪಕ್ಕದ ಕ್ರೀಡಾಂಗಣದಲ್ಲಿ ಸಣ್ಣ ವಸ್ತುಸಂಗ್ರಹಾಲಯ ಇದೆ.

ನಾನು ಅಲ್ಲಿ ತುಂಬಾ ಹೊತ್ತು ಇದ್ದೆ. ಎರಡು ಗಂಟೆಗೊಮ್ಮೆ ಮಗ್ಗುಲು. ಇದಕ್ಕೆ ಮಷೀನು ಬೇಡ, ದುಬಾರಿ ಔಷಧ ಬೇಡ. ನಾನು ಮೊದಲು ಸೇರಿದ ಆಸ್ಪತ್ರೆಯವರು ಇದೊಂದು ಮಾಡಿದ್ದರೆ ಸಾಕಿತ್ತು ಅಂತ ಅಲ್ಲಿ ಕೂತು ಅತ್ತೆ. ಅಷ್ಟು ವರ್ಷ ಆದ ಮೇಲೂ ಅಳು ಬಂತು. ಅತ್ತಿಗೆ ಕೈ ಹಿಡಿದುಕೊಂಡು ಕೂತಿದ್ದಳು.

ಕೊಡಗಿನಲ್ಲಿ ರ‍್ಯಾಂಪ್ ಆಗಲ್ಲ, ಎಲ್ಲ ಇಳಿಜಾರು ಅನ್ನುತ್ತಾರೆ. ಕಷ್ಟ ಅನ್ನುವುದು ನಿಜ, ಲೆಕ್ಕ ಹಾಕಿ ನೋಡಿದ್ದೇನೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಮಳೆಗೆ ಹೆದರಿ ನಾವು ಮನೆಯ ತಳಪಾಯವನ್ನು ಎರಡು ಅಡಿಗಿಂತ ಕಡಿಮೆ ಎತ್ತರಿಸುವುದಿಲ್ಲ, ಅಂದರೆ ಇಪ್ಪತ್ನಾಲ್ಕು ಅಡಿ ರ‍್ಯಾಂಪ್. ಅದರ ಮೇಲೆ ಜೂನ್ ಬಂದರೆ ಪಾಚಿ. ಆದರೆ ಗುಡ್ಡದಲ್ಲಿ ಕಟ್ಟುವ ಮನೆಗೆ ಒಂದು ಅನುಕೂಲವೂ ಇದೆ. ಮೇಲಿನ ಕಡೆಯ ಗೋಡೆಯ ಹತ್ತಿರ ನೆಲವೇ ತಳಪಾಯದ ಮಟ್ಟಕ್ಕೆ ಬಂದಿರುತ್ತದೆ. ಮುಂಬಾಗಿಲು ಅಲ್ಲದಿದ್ದರೂ ಆ ಕಡೆ ಒಂದು ಬಾಗಿಲಿಟ್ಟರೆ ಅರ್ಧ ಕೆಲಸ ಮುಗಿಯಿತು.

ಹೋದ ತಿಂಗಳು ಚಿಕ್ಕಪ್ಪನ ಮಗ ಫೋನ್ ಮಾಡಿದ. ಹಳೆ ಮನೆ ಪಕ್ಕದಲ್ಲೇ ಹೊಸ ಮನೆ ಶುರುಮಾಡುತ್ತಿದ್ದಾನೆ. ಅಕ್ಕ, ಮೇಸ್ತ್ರಿ ಬಂದಿದ್ದಾರೆ, ಅಳತೆ ಹೇಳಿ ಅಂದ. ಬಾಗಿಲು 90 ಸೆಂಟಿಮೀಟರ್ ಅಂದೆ, ಎಲ್ಲವೂ, ಬಚ್ಚಲಿನದ್ದೂ. ಬಚ್ಚಲಿನ ಬಾಗಿಲು ಹೊರಗೆ ತೆರೆಯಬೇಕು, ಒಳಗೆ ತೆರೆದರೆ ಚೇರು ಸಿಕ್ಕಿಕೊಳ್ಳುತ್ತೆ. ಹೊಸ್ತಿಲು ನೆಲಕ್ಕೆ ಸಮ ಇರಲಿ. ಹೊಸ್ತಿಲು ಪೂಜೆ ಹೇಗೆ ಅಂತ ಚಿಕ್ಕಮ್ಮ ಹಿಂದಿನಿಂದ ಕೇಳಿದ್ದು ಕೇಳಿಸಿತು. ಮರದ ಪಟ್ಟಿ ನೆಲದಲ್ಲಿ ಹುದುಗಿಸಿ ಅದಕ್ಕೇ ಅರಿಸಿನ ಕುಂಕುಮ ಹಚ್ಚಿ ಚಿಕ್ಕಮ್ಮ ಅಂದೆ. ರ‍್ಯಾಂಪಿನ ನೆಲ ಒರಟಾಗಿರಲಿ, ಮೇಲೆ ಶೀಟ್ ಹಾಕಿಸು, ಪಾಚಿ ಕಟ್ಟಲ್ಲ. ಎಲ್ಲ ಬರೆದುಕೊಂಡ. ಇಪ್ಪತ್ನಾಲ್ಕು ಅಡಿಗೆ ಜಾಗ ಸಾಲಲ್ಲ ಅಕ್ಕ, ಪಕ್ಕದ ಎರಡು ಸಾಲು ಕಾಫಿ ಗಿಡ ಕೀಳಬೇಕಾಗುತ್ತೆ, ಫಸಲಿಗೆ ಬಂದಿರೋ ಗಿಡ ಅಂದ. ಮೇಲಿನ ಕಡೆಯಿಂದ ದಾರಿ ತಂದರೆ ಒಂದು ಸಾಲಿಗೇ ಆಗುತ್ತೆ, ಫೋಟೋ ಕಳಿಸು ನೋಡೋಣ ಅಂದೆ. ರಾತ್ರಿ ಕಳಿಸಿದ. ಚಿಕ್ಕಪ್ಪ ಟೇಪಿನ ಒಂದು ತುದಿ ಹಿಡಿದು ನಿಂತಿದ್ದರು. ಒಂದು ಸಾಲಿಗೇ ಆಗುತ್ತದೆ. ಕೊಯ್ಲು ಮುಗಿದ ಮೇಲೆ ಕೀಳಿಸುತ್ತಾನಂತೆ, ಜೆಸಿಬಿಯವರಿಗೆ ಹೇಳಿಟ್ಟಿದ್ದಾನೆ.